ಕೊಟ್ಟು ತರುವುದು ನಿಂತದ್ದು ಎಂದಿನಿಂದ?

ಹರಿಯಾಣದ ಹಿಸಾರ್ ಜಿಲ್ಲೆಯ ರಾಖಿಗಢಿಯಲ್ಲಿ, ಹರಪ್ಪ ನಾಗರಿಕತೆಯ ಕಾಲದ ಸ್ಮಶಾನದಲ್ಲಿ, ಒಬ್ಬ ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ಉತ್ತರ-ದಕ್ಷಿಣವಾಗಿ ಮಲಗಿಸಿ, ತಲೆಯ ಬಳಿ ಮಡಕೆ ಕುಡಿಕೆಗಳನ್ನಿಟ್ಟು ಅವಳನ್ನು ಮಣ್ಣು ಮಾಡಿದ್ದರು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮಾತು. ಅವಳ ಹೆಸರು ತಿಳಿಯುವ ದಾರಿಯಿಲ್ಲ. ಪ್ರಯೋಗಾಲಯದ ಕಡತದಲ್ಲಿ ಅವಳು ‘ಐ6113’. ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆ, ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ನೀರಜ್ ರಾಯ್, ಹಾರ್ವರ್ಡ್‌ನ ವಾಗೀಶ್ ನರಸಿಂಹನ್ ಮತ್ತು ಡೇವಿಡ್ ರೀಕ್ ಮೊದಲಾದವರ ತಂಡ ಆ ಸ್ಮಶಾನದ ಅರವತ್ತಕ್ಕೂ ಹೆಚ್ಚು ಮೂಳೆ ಮಾದರಿಗಳನ್ನು ಪರೀಕ್ಷಿಸಿತ್ತು. ಓದಲು ಸಾಧ್ಯವಾಗುವಷ್ಟು ಡಿಎನ್‌ಎ ಉಳಿಸಿಕೊಂಡಿದ್ದವಳು ಇವಳೊಬ್ಬಳೇ.

2019ರ ಸೆಪ್ಟೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಆ ಫಲಿತಾಂಶ ಪ್ರಕಟವಾದಾಗ ದೇಶದ ಸುದ್ದಿಮನೆಗಳೆಲ್ಲ ಅವಳ ಮುಂದೆ ಒಂದೇ ಪ್ರಶ್ನೆ ಇಟ್ಟವು. ಆರ್ಯರು ಹೊರಗಿನಿಂದ ಬಂದರೋ, ಇಲ್ಲವೋ? ಬಂದರು ಎನ್ನುವವರಿಗೂ ಬರಲಿಲ್ಲ ಎನ್ನುವವರಿಗೂ ಅದೇ ವರದಿಯಲ್ಲಿ ಬೇಕಾದ ಸಾಲು ಸಿಕ್ಕಿತು, ಟಿವಿ ಚರ್ಚೆ ವಾರಗಟ್ಟಲೆ ನಡೆಯಿತು. ಆ ಪ್ರಶ್ನೆ ಬೇಡ ಎನ್ನುತ್ತಿಲ್ಲ. ಅದಕ್ಕೆ ವಿಜ್ಞಾನ ಕೊಟ್ಟಿರುವ ಉತ್ತರವನ್ನು ಮುಂದೆ ಹೇಳುತ್ತೇನೆ. ಆದರೆ ಈ ಬಗೆಯ ಸಂಶೋಧನೆಗಳ ಹೊಟ್ಟೆಯಲ್ಲಿ ಇನ್ನೊಂದು ಸುದ್ದಿ ಇತ್ತು, ಇವತ್ತಿಗೂ ಇದೆ. ಈ ನೆಲದ ಜನ ಸುಮಾರು ಎರಡು ಸಾವಿರ ವರ್ಷ ಒಬ್ಬರೊಳಗೊಬ್ಬರು ಯಾವ ಮಟ್ಟಕ್ಕೆ ಬೆರೆತರೆಂದರೆ, ಬೆರೆಯದೆ ಉಳಿದವರು ಯಾರೂ ಇಲ್ಲ. ಆಮೇಲೆ ಒಂದು ಕಾಲಘಟ್ಟದಲ್ಲಿ ಹೆಣ್ಣು ಕೊಟ್ಟು ತರುವುದು ನಿಂತುಹೋಯಿತು. ಯಾರು ಮೊದಲು ಬಂದರು ಎಂಬ ಜಗಳಕ್ಕಿಂತ ನಮ್ಮ ಮನೆಗಳಿಗೆ, ನಮ್ಮ ಆಸ್ಪತ್ರೆಗಳಿಗೆ ಹತ್ತಿರವಾದ ಸಂಗತಿ ಇದು. ಇದರ ಬಗ್ಗೆ ನಾವು ಮಾತಾಡಿದ್ದು ತೀರ ಕಡಿಮೆ.

ಹಳೆಯ ಮೂಳೆಯಿಂದ ಡಿಎನ್‌ಎ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಮೊದಲು ನೋಡೋಣ. ಜೀವ ಹೋದ ಕ್ಷಣದಿಂದಲೇ ಡಿಎನ್‌ಎ ಒಡೆಯತೊಡಗುತ್ತದೆ. ನೀರು, ಬಿಸಿಲು, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಉದ್ದನೆಯ ಎಳೆಯನ್ನು ಪುಡಿ ಮಾಡುತ್ತವೆ. ಸೈಬೀರಿಯಾದ ಹಿಮಗಟ್ಟಿದ ನೆಲದಲ್ಲಿ ಹತ್ತು ಲಕ್ಷ ವರ್ಷ ಹಳೆಯ ಮ್ಯಾಮತ್ ಆನೆಯ ಡಿಎನ್‌ಎ ಉಳಿದಿತ್ತು, 2021ರಲ್ಲಿ ಅದನ್ನು ಓದಿದರು. ಉತ್ತರ ಭಾರತದ ಬೇಸಿಗೆ ಮತ್ತು ಮಳೆಗಾಲಕ್ಕೆ ನಾಲ್ಕು ಸಾವಿರ ವರ್ಷ ಸಿಕ್ಕಿದ ಮೂಳೆಯ ಪಾಡು ಬೇರೆ. ಅದರಲ್ಲಿ ಸಿಗುವ ಡಿಎನ್‌ಎಯ ಬಹುಪಾಲು ಬ್ಯಾಕ್ಟೀರಿಯಾಗಳದ್ದು. ಅದರ ನಡುವೆ ಮನುಷ್ಯನದ್ದು ಚೂರುಪಾರು ಸಿಕ್ಕರೆ ಅದೇ ಭಾಗ್ಯ. ಒಳಕಿವಿಯನ್ನು ಸುತ್ತುವರಿದ ಮೂಳೆ ದೇಹದಲ್ಲೇ ಅತ್ಯಂತ ಗಟ್ಟಿ. ಅದರೊಳಗೆ ಡಿಎನ್‌ಎ ಬೇರೆ ಮೂಳೆಗಳಿಗಿಂತ ನೂರು ಪಟ್ಟು ಹೆಚ್ಚು ಉಳಿಯಬಲ್ಲದು. ಇದು 2014ರ ಸುಮಾರಿಗೆ ಖಚಿತವಾಯಿತು. ಅದಾದ ಮೇಲೆ ಬಿಸಿ ದೇಶಗಳಲ್ಲೂ ಈ ವಿದ್ಯೆಗೆ ಬಾಗಿಲು ತೆರೆಯಿತು. ರಾಖಿಗಢಿಯ ಹೆಂಗಸಿನ ಡಿಎನ್‌ಎ ಹೊರಬಂದದ್ದೂ ಆ ಭಾಗದಿಂದಲೇ. ಅದೂ ನೂರಕ್ಕೂ ಹೆಚ್ಚು ಸಲ ಮಾದರಿಯನ್ನು ಸಿದ್ಧಪಡಿಸಿ ಓದಿ, ಸಿಕ್ಕಿದ್ದನ್ನೆಲ್ಲ ಒಟ್ಟುಗೂಡಿಸಿದ ಮೇಲೆ.

ಇನ್ನೊಂದು ತೊಡಕು ನಾವೇ. ಮೂಳೆಯನ್ನು ಅಗೆದವರು, ಮುಟ್ಟಿದವರು, ಅದರ ಮುಂದೆ ಸೀನಿದವರು ಎಲ್ಲರ ಡಿಎನ್‌ಎ ಅದಕ್ಕೆ ಅಂಟಿರುತ್ತದೆ. ಸ್ವೀಡನ್ನಿನ ಸ್ವಾಂಟೆ ಪಾಬೊ 1985ರಲ್ಲಿ ಈಜಿಪ್ಟಿನ ಮಮ್ಮಿಯ ಡಿಎನ್‌ಎ ಓದಿದ್ದೇನೆಂದು ಪ್ರಕಟಿಸಿದ್ದು ಕೊನೆಗೆ ಇಂದಿನ ಮನುಷ್ಯರ ಕಲಬೆರಕೆಯಾಗಿರುವ ಸಾಧ್ಯತೆಯೇ ಹೆಚ್ಚು ಎಂದಾಯಿತು. ಆ ಪಾಠ ಕಲಿತು ಅವರು ಶುದ್ಧ ಕೊಠಡಿಗಳನ್ನು ಕಟ್ಟಿಸಿದರು, ಹಳೆಯ ಎಳೆಯ ತುದಿಗಳಲ್ಲಿ ಹೆಚ್ಚಾಗಿ ಕಾಣುವ ರಾಸಾಯನಿಕ ಬದಲಾವಣೆಯನ್ನು ಗುರುತಾಗಿ ಹಿಡಿದು ಹಳತನ್ನು ಹೊಸತರಿಂದ ಬೇರ್ಪಡಿಸುವ ದಾರಿ ಕಂಡುಕೊಂಡರು. 2010ರಲ್ಲಿ ನಿಯಾಂಡರ್ತಾಲ್ ಮಾನವನ ಪೂರ್ಣ ಜೀನೋಮಿನ ಕರಡು ಅವರ ಲೈಪ್ಜಿಗ್ ತಂಡದಿಂದ ಬಂತು, 2022ರಲ್ಲಿ ನೊಬೆಲ್ ಬಂತು.

2010ರವರೆಗೆ ಪಠ್ಯಪುಸ್ತಕಗಳು ನಿಯಾಂಡರ್ತಾಲರನ್ನು ನಮಗೆ ಸಂಬಂಧವೇ ಇಲ್ಲದೆ ಅಳಿದುಹೋದ ಜನ ಎನ್ನುವ ಹಾಗೆ ಕೂರಿಸಿದ್ದವು. ಅವರು ಅಳಿದದ್ದು ನಿಜ. ಆದರೆ ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಿಕರು ಅವರೊಡನೆ ಸಂಸಾರ ಮಾಡಿದ್ದರು. ಆಫ್ರಿಕಾದ ಹೊರಗಿನ ಪ್ರತಿಯೊಬ್ಬರಲ್ಲೂ ಶೇಕಡ ಒಂದರಿಂದ ಎರಡರಷ್ಟು ಅವರ ಪಾಲು ಉಳಿದಿದೆ. ಅದು ಸುಮ್ಮನೆ ಕೂತಿಲ್ಲ. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ, ಮೂರನೇ ವರ್ಣತಂತುವಿನ ಒಂದು ತುಣುಕು ನಿಯಾಂಡರ್ತಾಲರಿಂದ ಬಂದದ್ದು ಎಂದು 2020ರಲ್ಲಿ ಹ್ಯೂಗೊ ಝೆಬೆರ್ಗ್ ಮತ್ತು ಪಾಬೊ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ, ಯುರೋಪಿನಲ್ಲಿ ಶೇ 16ರಷ್ಟು ಮಾತ್ರ. ಪ್ರಿಯಾ ಮೂರ್ಜಾನಿ ಅವರ ತಂಡ ಭಾರತದ 2,700ಕ್ಕೂ ಹೆಚ್ಚು ಜನರ ಜೀನೋಮ್ ಓದಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಇಂದಿನ ಭಾರತೀಯರಲ್ಲಿ ಹರಿದು ಹಂಚಿಹೋಗಿರುವ ನಿಯಾಂಡರ್ತಾಲ್ ತುಣುಕುಗಳನ್ನು ಜೋಡಿಸಿದರೆ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧದಷ್ಟು ಮರಳಿ ಸಿಗುತ್ತದೆ. ಮನುಷ್ಯಕುಲದ ಬೆರಕೆ ಅಷ್ಟು ಹಿಂದಿನಿಂದ ಶುರುವಾದದ್ದು.

ಭಾರತಕ್ಕೆ ಬರೋಣ. ಇಲ್ಲಿಗೆ ಮೊದಲು ಬಂದವರು ಸುಮಾರು ಐವತ್ತು ಸಾವಿರ ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಟ ಜನರ ಒಂದು ಕವಲು; ಬೇಟೆಯಾಡುತ್ತ, ಗೆಡ್ಡೆ ಗೆಣಸು ಕೀಳುತ್ತ ಬದುಕಿದವರು. ಅಂಡಮಾನಿನ ಓಂಗೆ ಜನ ಅವರಿಗೆ ಬಹು ದೂರದ ಸಂಬಂಧಿಗಳು. ಎರಡನೆಯ ಕವಲು ಇರಾನಿನ ಪ್ರಾಚೀನ ಜನರಿಗೆ ಸಂಬಂಧಿಸಿದ್ದು. ರಾಖಿಗಢಿಯ ಹೆಂಗಸಿನಲ್ಲಿ ಈ ಎರಡೂ ಇವೆ, ಎರಡನೆಯದೇ ಹೆಚ್ಚು. ಅವಳಲ್ಲಿ ಸಿಕ್ಕ ಇರಾನಿ ಸಂಬಂಧದ ಕವಲು ಅಲ್ಲಿನ ಜನರಿಂದ ಬೇರೆಯಾದದ್ದು ಎಲ್ಲಿಯೂ ಬೇಸಾಯ ಹುಟ್ಟುವುದಕ್ಕಿಂತ ಮುಂಚೆ. ಎಂದರೆ ಸಿಂಧೂ ಕಣಿವೆಗೆ ಗೋಧಿ ಬಾರ್ಲಿ ಬೆಳೆಯುವ ವಿದ್ಯೆಯನ್ನು ಇರಾನಿನ ರೈತರು ಗುಂಪುಗಟ್ಟಿ ಬಂದು ಕಲಿಸಿದರು ಎಂಬ ಹಳೆಯ ಊಹೆಗೆ ಅವಳ ಸಾಕ್ಷ್ಯ ಸಿಗುವುದಿಲ್ಲ. ಅವಳ ತಾಯಿಯ ಕಡೆಯ ಗುರುತು ಇಂದಿಗೂ ಈ ಉಪಖಂಡದ ಜನರಲ್ಲಿದೆ. ತುರ್ಕಮೆನಿಸ್ತಾನದ ಗೋನುರ್ ಮತ್ತು ಇರಾನಿನ ಶಹರ್-ಇ-ಸೋಖ್ತಾ ಎಂಬ ಹಳೆಯ ಊರುಗಳಲ್ಲೂ ಇವಳಂಥದೇ ಜೀನೋಮಿನ ಹನ್ನೊಂದು ಜನರ ಮೂಳೆ ಸಿಕ್ಕಿದೆ. ಹರಪ್ಪದ ಜೊತೆ ವ್ಯಾಪಾರವಿದ್ದ ಊರುಗಳವು, ಅಲ್ಲಿಗೆ ಹೋಗಿ ನೆಲೆಸಿದವರಿರಬೇಕು. ಸಾಕ್ಷ್ಯಕ್ಕೆ ಅವಳು ಒಂಟಿಯಲ್ಲ.

ಅವಳಲ್ಲಿ ಇಲ್ಲದ್ದು ಮೂರನೆಯ ಕವಲು. ಕಪ್ಪು ಸಮುದ್ರದಿಂದ ಕಜಾಕಸ್ತಾನದವರೆಗೆ ಹಬ್ಬಿದ ಹುಲ್ಲುಗಾವಲಿನ ಪಶುಪಾಲಕರದ್ದು ಅದು, ವಿದ್ವಾಂಸರು ಸ್ಟೆಪಿ ಎನ್ನುತ್ತಾರೆ. ಐದು ಸಾವಿರ ವರ್ಷಗಳ ಹಿಂದೆ ಇದೇ ಜನ ಪಶ್ಚಿಮಕ್ಕೆ ನುಗ್ಗಿ ಯುರೋಪಿನ ಚಹರೆಯನ್ನೇ ಬದಲಿಸಿದ್ದರು. ಬ್ರಿಟನ್ನಿನಲ್ಲಿ ಅವರ ವಂಶಸ್ಥರು ಬಂದ ಮೇಲೆ ಹಳೆಯ ಜನರ ವಂಶದ ಶೇ 90ರಷ್ಟು ಅಳಿಸಿಹೋಯಿತು. ನಮ್ಮ ಕಡೆಗೆ ಆ ಕವಲು ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ. ಪಾಕಿಸ್ತಾನದ ಸ್ವಾತ್ ಕಣಿವೆಯ ಕ್ರಿ.ಪೂ. 1200ರ ನಂತರದ ಗೋರಿಗಳಲ್ಲಿ ಅದು ಆಗಲೇ ಬೆರೆತಿದೆ. 523 ಪ್ರಾಚೀನ ಮನುಷ್ಯರ ಜೀನೋಮ್ ಆಧರಿಸಿ 2019ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ನರಸಿಂಹನ್ ಮತ್ತು ಸಂಗಡಿಗರ ಅಧ್ಯಯನದ ತೀರ್ಮಾನ ಇದು. ಇಂದಿನ ಭಾರತೀಯರಲ್ಲಿ ಈ ಪಾಲು ಹೆಂಗಸರಿಗಿಂತ ಗಂಡಸರ ಮೂಲಕ ಬಂದದ್ದು ಹೆಚ್ಚು. ಉತ್ತರದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಸಂಸ್ಕೃತ ಪಠ್ಯಗಳನ್ನು ಕಾಪಾಡಿಕೊಂಡು ಬಂದ ಪುರೋಹಿತ ಸಮುದಾಯಗಳಲ್ಲಿ ಸರಾಸರಿಗಿಂತ ಎದ್ದು ಕಾಣುವಷ್ಟಿದೆ.

ಹಾಗಾದರೆ ಟಿವಿ ಚರ್ಚೆಯ ಪ್ರಶ್ನೆಗೆ ಉತ್ತರವೇನು? ಜನ ಬಂದರು, ನಿಜ. ಆದರೆ ಹರಪ್ಪದ ಜನ ನಿರ್ನಾಮವಾಗಲಿಲ್ಲ. ಅವರ ಪಾಲು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಬಹುತೇಕ ಎಲ್ಲರಲ್ಲೂ ಇದೆ, ಬಹಳಷ್ಟು ಜನರಲ್ಲಿ ಅದೇ ದೊಡ್ಡ ಪಾಲು. ಮೂಳೆ ಮಾತಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ರಾಖಿಗಢಿಯ ಹೆಂಗಸು ತನ್ನ ಮಗುವನ್ನು ಯಾವ ಭಾಷೆಯಲ್ಲಿ ಕರೆದಳು ಎಂಬುದು ಡಿಎನ್‌ಎಯಲ್ಲಿ ಬರೆದಿಲ್ಲ. ದ್ರಾವಿಡ ಭಾಷೆಯೇ ಇರಬೇಕೆಂದು ಐರಾವತಂ ಮಹಾದೇವನ್, ಆಸ್ಕೊ ಪರ್ಪೋಲ ಮೊದಲಾದವರು ಬೇರೆ ಆಧಾರಗಳ ಮೇಲೆ ವಾದಿಸಿದ್ದಾರೆ. ಇತ್ತೀಚೆಗೆ ಮಂಗಳೂರಿನ ಸಂಶೋಧಕರು ಕರಾವಳಿಯ ಕೊರಗ ಸಮುದಾಯದವರ ಡಿಎನ್‌ಎಯಲ್ಲಿ ಸುಮಾರು 4,400 ವರ್ಷ ಹಿಂದಿನ, ಮೂಲ ದ್ರಾವಿಡ ಭಾಷಿಕರಿಗೆ ಸಂಬಂಧಿಸಿರಬಹುದಾದ ಬೇರೆಯದೇ ಒಂದು ಅಂಶ ಕಂಡಿದೆ ಎಂದಿದ್ದಾರೆ. ಕುತೂಹಲದ ಮಾತು. ಆದರೆ ಇದು ಬದುಕಿರುವವರ ರಕ್ತದಿಂದ ಹಿಂದಕ್ಕೆ ಹಾಕಿದ ಲೆಕ್ಕ. ದಕ್ಷಿಣದ ಕಥೆ ಬಹುಪಾಲು ಇಂಥ ಲೆಕ್ಕದ ಮೇಲೇ ನಿಂತಿದೆ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಚಿತ್ರದುರ್ಗದ ಬ್ರಹ್ಮಗಿರಿಯಂಥ ನೆಲೆಗಳ ಮೂಳೆಗಳಿಂದ ಡಿಎನ್‌ಎ ಹೊರಬಂದರೆ ಈ ಪುಟ ಎಷ್ಟು ತಿದ್ದುಪಡಿಯಾಗುತ್ತದೋ!

ಬೆರಕೆ ಯಾವಾಗ ನಡೆಯಿತು ಎಂದು ಬದುಕಿರುವವರ ರಕ್ತದಿಂದಲೇ ಹೇಗೆ ತಿಳಿಯುತ್ತಾರೆ? ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರ ಹರಿದು ಕೌದಿ ಹೊಲಿಯುತ್ತಾರಲ್ಲ, ಅದನ್ನು ನೆನೆಯಿರಿ. ಒಂದು ಕೆಂಪು ಸೀರೆ, ಒಂದು ಬಿಳಿ ಧೋತರ ಕೂಡಿಸಿ ಹೊಲಿದ ಕೌದಿಯನ್ನು ಮಗಳು ಕತ್ತರಿಸಿ ಮತ್ತೆ ಹೊಲಿಯುತ್ತಾಳೆ, ಮೊಮ್ಮಗಳೂ ಹಾಗೆಯೇ ಮಾಡುತ್ತಾಳೆ ಅಂದುಕೊಳ್ಳಿ. ಕೆಂಪು ಬಿಳಿ ತುಂಡುಗಳು ತಲೆಮಾರಿನಿಂದ ತಲೆಮಾರಿಗೆ ಚಿಕ್ಕದಾಗುತ್ತ ಹೋಗುತ್ತವೆ. ತುಂಡಿನ ಅಳತೆ ನೋಡಿದರೆ ಕತ್ತರಿ ಎಷ್ಟು ಸಲ ಆಡಿದೆ ಎಂದು ಹೇಳಬಹುದು. ತಂದೆ ತಾಯಿಯ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ಹೀಗೇ ತುಂಡಾಗಿ ಕೂಡಿಕೊಳ್ಳುತ್ತವೆ, ಒಂದು ತಲೆಮಾರಿಗೆ ಸುಮಾರು 28-29 ವರ್ಷ ಎಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ.

ಈ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಯಲ್ಲಾಪುರ, ಹಳಿಯಾಳದ ಕಾಡುಗಳ ಸಿದ್ದಿ ಸಮುದಾಯ ಒಳ್ಳೆಯ ಉದಾಹರಣೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಆಫ್ರಿಕಾದಿಂದ ತಂದವರ ಸಂತತಿ ಅದು. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದವರು (ಸಿಸಿಎಂಬಿ) ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ನೋಡಿದಾಗ ಸುಮಾರು ಮೂರನೇ ಎರಡು ಭಾಗ ಆಫ್ರಿಕಾದ ಬಾಂಟು ಭಾಷಿಕರಿಗೆ ಸೇರಿದ್ದು ಕಂಡಿತು. ತುಂಡುಗಳು ಬಹಳ ದೊಡ್ಡವು. ಬೆರಕೆ ಶುರುವಾಗಿ ಸುಮಾರು ಇನ್ನೂರು ವರ್ಷವಾಗಿರಬೇಕು ಎಂದಿತು ಲೆಕ್ಕ. ಚರಿತ್ರೆ ಹೇಳುವ ಕಾಲಕ್ಕೆ ಅದು ಹೊಂದುತ್ತದೆ.

ಇಡೀ ಭಾರತದ ಮಟ್ಟದಲ್ಲಿ ಈ ಕೆಲಸ ಶುರುವಾದದ್ದೂ ಸಿಸಿಎಂಬಿಯಲ್ಲೇ. ಲಾಲ್‌ಜಿ ಸಿಂಗ್ ಮತ್ತು ಕೆ. ತಂಗರಾಜ್ ಅವರು ಡೇವಿಡ್ ರೀಕ್ ಜೊತೆಗೂಡಿ 2009ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಪ್ರಬಂಧ 25 ಸಮುದಾಯಗಳನ್ನು ನೋಡಿತ್ತು. ಆಗ ಕಂಡ ಎರಡು ಮೂಲಗಳಲ್ಲಿ ಒಂದಕ್ಕೆ ಪಶ್ಚಿಮ ಯುರೇಷ್ಯಾದ ಹೆಸರಿಡುವ ಬಗ್ಗೆ ತಂಡದೊಳಗೇ ಬಿಸಿ ಬಿಸಿ ಚರ್ಚೆ ನಡೆಯಿತೆಂದು ರೀಕ್ ಬರೆದಿದ್ದಾರೆ. ಕೊನೆಗೆ ‘ಉತ್ತರ ಭಾರತದ ಪೂರ್ವಿಕರು’, ‘ದಕ್ಷಿಣ ಭಾರತದ ಪೂರ್ವಿಕರು’ ಎಂಬ ಸೌಮ್ಯ ಹೆಸರುಗಳಿಗೆ ಒಪ್ಪಿದರು. ವಿಜ್ಞಾನಿಗಳಿಗೂ ಈ ವಿಷಯ ಎಷ್ಟು ಸುಡುವ ಕೆಂಡ ಎಂಬುದು ಇದರಿಂದ ಗೊತ್ತಾಗುತ್ತದೆ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು 73 ಸಮುದಾಯಗಳನ್ನು ನೋಡಿ, ತುಂಡುಗಳ ಅಳತೆಯಿಂದ ಕಾಲ ಹೇಳಿದರು. ಈ ಎರಡು ಪೂರ್ವಿಕ ಕುಲಗಳ ಬೆರಕೆ 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ನಡೆದಿದೆ. ದಕ್ಷಿಣದಲ್ಲಿ ಅದು ಸರಾಸರಿ ಹಳೆಯದು. ಉತ್ತರದಲ್ಲಿ ಎರಡನೆಯ ಸುತ್ತೂ ನಡೆದಿದೆ.

ಈ ಬೆರಕೆಯಿಂದ ತಪ್ಪಿಸಿಕೊಂಡವರು ಮುಖ್ಯ ಭೂಮಿಯಲ್ಲಿ ಯಾರೂ ಸಿಗಲಿಲ್ಲ. ವಯನಾಡು-ನೀಲಗಿರಿಯ ಪಣಿಯರಲ್ಲೂ ಇರಾನಿ ಸಂಬಂಧದ ಪಾಲಿದೆ, ಉತ್ತರದ ಅಗ್ರಹಾರದ ಬ್ರಾಹ್ಮಣರಲ್ಲೂ ಈ ನೆಲದ ಮೊದಲ ಬೇಟೆಗಾರರ ಪಾಲಿದೆ. ಪ್ರಮಾಣ ಬೇರೆ, ಅಷ್ಟೇ. ಈಶಾನ್ಯದಲ್ಲಿ ಮತ್ತು ಮುಂಡಾ ಭಾಷಿಕರಲ್ಲಿ ಪೂರ್ವ ಏಷ್ಯಾ ಕಡೆಯ ಇನ್ನೂ ಒಂದು ಪಾಲು ಸೇರಿದೆ. ಶುದ್ಧ ದ್ರಾವಿಡ, ಶುದ್ಧ ಆರ್ಯ, ಅಪ್ಪಟ ಮೂಲನಿವಾಸಿ ಎಂಬ ಮಾತುಗಳಿಗೆ ರಕ್ತದಲ್ಲಿ ಆಧಾರವಿಲ್ಲ. 2022ರಲ್ಲಿ, ಜನಾಂಗಗಳ ಶುದ್ಧತೆ ಪತ್ತೆ ಮಾಡಲು ಕೇಂದ್ರದ ಸಂಸ್ಕೃತಿ ಸಚಿವಾಲಯ ಡಿಎನ್‌ಎ ಉಪಕರಣ ಕೊಳ್ಳಲಿದೆ ಎಂಬ ಪತ್ರಿಕಾ ವರದಿ ಬಂತು. ಅದು ದಾರಿ ತಪ್ಪಿಸುವ ವರದಿ ಎಂದು ಸಚಿವಾಲಯ ಹೇಳಿತು. ಆದರೂ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಇತಿಹಾಸಕಾರರು ಬಹಿರಂಗ ಪತ್ರ ಬರೆದು, ಜನಾಂಗದ ಶುದ್ಧತೆ ಎಂಬ ಕಲ್ಪನೆಯೇ ತಪ್ಪು ಎಂದು ನೆನಪಿಸಿದರು. ಅವರು ಬರೆದದ್ದು ಒಳ್ಳೆಯದಾಯಿತು. ಇಂಥ ಮಾತು ಒಮ್ಮೆ ಹೇಳಿ ಬಿಡುವಂಥದಲ್ಲ.

ಇನ್ನು ಕೊಟ್ಟು ತರುವುದು ನಿಂತ ಸುದ್ದಿ. 1,900 ವರ್ಷಗಳ ಈಚೆಗೆ ಬೆರಕೆಯ ಗುರುತು ಥಟ್ಟನೆ ಕ್ಷೀಣಿಸುತ್ತದೆ. ಪಶ್ಚಿಮ ಬಂಗಾಳದ ಕಲ್ಯಾಣಿಯ ಪಾರ್ಥ ಮಜುಂದಾರ್ ಮತ್ತು ಅನಲಾಭ ಬಸು ಅವರ ತಂಡ 2016ರಲ್ಲಿ ಬೇರೆ ದಾರಿಯಲ್ಲಿ ಹೋಗಿ, ಮೇಲ್ಜಾತಿಗಳಲ್ಲಿ ಜಾತಿಯೊಳಗಿನ ಮದುವೆ ಬಿಗಿಯಾದದ್ದು ಗುಪ್ತರ ಕಾಲದ ಆಸುಪಾಸಿನಲ್ಲಿ ಎಂದಿತು. ಎರಡು ಲೆಕ್ಕಗಳ ನಡುವೆ ಕೆಲವು ಶತಮಾನಗಳ ಅಂತರವಿದೆ, ಆದರೆ ದಿಕ್ಕು ಒಂದೇ. ಋಗ್ವೇದದ ಹಳೆಯ ಭಾಗಗಳಲ್ಲಿ ಕಾಣದ ಕಟ್ಟುನಿಟ್ಟು ಮನುಸ್ಮೃತಿಯ ಕಾಲಕ್ಕೆ ಬರಹಕ್ಕೆ ಇಳಿದಿತ್ತಲ್ಲ, ಅದೇ ಹೊತ್ತಿಗೆ ರಕ್ತದಲ್ಲೂ ಅದರ ಗುರುತು ಬೀಳತೊಡಗಿತು.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಕುರಿತು ಒಂದು ಪ್ರಬಂಧ ಓದಿದರು. ಜಾತಿಯ ತಿರುಳು ಮೈಬಣ್ಣವಲ್ಲ, ಕಸುಬಲ್ಲ, ಮಡಿಮೈಲಿಗೆಯೂ ಅಲ್ಲ. ತನ್ನೊಳಗೇ ಹೆಣ್ಣು ಕೊಟ್ಟು ತರುವ ನಿಯಮವೇ ಜಾತಿ ಎಂಬುದು ಅವರ ವಾದ. ಭಾರತದ ಜನ ಎಲ್ಲೆಡೆ ಬೆರೆತವರೇ, ಬೆರೆತವರ ಮೇಲೆ ಆಮೇಲೆ ಈ ನಿಯಮ ಕೂತಿತು ಎಂದೂ ಹೇಳಿದ್ದರು. ಆಗ ಡಿಎನ್‌ಎಯ ರಚನೆಯೇ ಗೊತ್ತಿರಲಿಲ್ಲ. ನೂರು ವರ್ಷದ ಬಳಿಕ ಲಕ್ಷಗಟ್ಟಲೆ ವಂಶವಾಹಿ ಗುರುತುಗಳನ್ನು ಎಣಿಸಿ ಬಂದವರು ಅದೇ ಕ್ರಮವನ್ನು ಕಂಡರು: ಮೊದಲು ಬೆರಕೆ, ಆಮೇಲೆ ಬೇಲಿ. ಅಂಬೇಡ್ಕರ್ ಅವರ ಈ ಪ್ರಬಂಧವನ್ನು ತಳಿವಿಜ್ಞಾನದ ತರಗತಿಗಳಲ್ಲಿ ಓದಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಾತಿ ಇಷ್ಟು ಬಿಗಿಯಾದದ್ದು ಬ್ರಿಟಿಷರ ಜನಗಣತಿಯಿಂದ ಎಂದು ವಾದಿಸುವ ಚರಿತ್ರಕಾರರಿದ್ದಾರೆ. ಗಣತಿ ಅದನ್ನು ಇನ್ನಷ್ಟು ಗಟ್ಟಿ ಮಾಡಿರಬಹುದು. ಆದರೆ ಆಂಧ್ರದ ವೈಶ್ಯ ಸಮುದಾಯದ ಜೀನೋಮ್ ಬೇರೆಯೇ ಹೇಳುತ್ತದೆ. ಲಕ್ಷಗಟ್ಟಲೆ ಜನರಿರುವ, ಸುತ್ತಲೂ ಬೇರೆ ಸಮುದಾಯಗಳ ನಡುವೆ ವ್ಯಾಪಾರ ಮಾಡಿಕೊಂಡಿರುವ ಈ ಸಮುದಾಯ ಎರಡು ಸಾವಿರ ವರ್ಷಕ್ಕೂ ಹಿಂದೆ ಕೆಲವೇ ಪೂರ್ವಿಕರಿಂದ ಬೆಳೆದದ್ದು. ಆಮೇಲೆ ಹೊರಗಿನ ರಕ್ತ ಒಳಗೆ ಬಂದೇ ಇಲ್ಲ ಎನ್ನುವಷ್ಟು ಕಡಿಮೆ. ತಲೆಮಾರಿಗೆ ನೂರಕ್ಕೆ ಒಬ್ಬರಂತೆ ಹೊರಗಿನವರು ಸೇರಿದ್ದರೂ ಆ ಹಳೆಯ ಗುರುತು ಅಳಿಸಿಹೋಗುತ್ತಿತ್ತು ಎಂದು ರೀಕ್ ಹೇಳುತ್ತಾರೆ. ನೂರಕ್ಕೆ ಒಬ್ಬರೂ ಇಲ್ಲ, ಎರಡು ಸಾವಿರ ವರ್ಷ! ಅರಸೊತ್ತಿಗೆಗಳು ಬಂದು ಹೋದವು, ಧರ್ಮಗಳು ಹುಟ್ಟಿದವು, ಕ್ಷಾಮ ಬಂದವು, ಯುದ್ಧ ನಡೆದವು; ಮದುವೆಯ ಚಪ್ಪರದೊಳಗೆ ಏನೂ ಬದಲಾಗಲಿಲ್ಲ.

ಇದು ಒಂದು ಸಮುದಾಯದ ಕಥೆಯಲ್ಲ. 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದ ಅಧ್ಯಯನದಲ್ಲಿ 81 ಸಮುದಾಯಗಳಿಗೆ ಇಂಥ ಗುರುತು ಸಿಕ್ಕಿತು. ಅಪರೂಪದ ಆನುವಂಶಿಕ ಕಾಯಿಲೆಗಳಿಗಾಗಿ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಹೆಸರಾದ ಫಿನ್ಲೆಂಡಿನ ಜನ ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಹೆಚ್ಚು ತೀವ್ರವಾದ ಗುರುತು. ಆ 81ರಲ್ಲಿ ಹದಿನಾಲ್ಕು ಸಮುದಾಯಗಳು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯವು.

ಇದರಿಂದ ಕಾಯಿಲೆ ಹೇಗೆ ಬರುತ್ತದೆ? ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟುಹೋದ ವಂಶವಾಹಿಗಳಿರುತ್ತವೆ. ಒಂದು ಪ್ರತಿ ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ, ತೊಂದರೆ ಕಾಣುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಅದೇ ಕೆಟ್ಟ ಪ್ರತಿ ಬಂದರೆ ಮಗುವಿಗೆ ಕಾಯಿಲೆ. ಕೆಲವೇ ಪೂರ್ವಿಕರಿಂದ ಬೆಳೆದ ಸಮುದಾಯದಲ್ಲಿ ಆ ಪೂರ್ವಿಕರಲ್ಲಿ ಒಬ್ಬರು ಹೊತ್ತಿದ್ದ ದೋಷ ಇಂದು ಸಾವಿರಾರು ಮನೆಗಳಲ್ಲಿರುತ್ತದೆ. ವೈಶ್ಯ ಸಮುದಾಯದಲ್ಲಿ ಬ್ಯೂಟಿರಿಲ್ ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ದಿನನಿತ್ಯದ ಬದುಕಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯನ್ನು ದೇಹ ಕರಗಿಸುವುದು ಈ ಕಿಣ್ವದಿಂದ. ಉಳಿದವರಲ್ಲಿ ಕೆಲವೇ ನಿಮಿಷಗಳಲ್ಲಿ ಇಳಿಯುವ ಅದರ ಪರಿಣಾಮ ಇವರಲ್ಲಿ ಗಂಟೆಗಟ್ಟಲೆ ಉಳಿದು, ಸ್ವಂತ ಉಸಿರಾಟ ಮರಳುವುದಿಲ್ಲ. ಅಷ್ಟು ಹೊತ್ತು ವೆಂಟಿಲೇಟರ್ ಬೇಕು. ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿದಿದ್ದರೆ ಬೇರೆ ಔಷಧಿ ಕೊಡುತ್ತಾರೆ, ಅಪಾಯವಿಲ್ಲ. ಬಳ್ಳಾರಿ, ಬೆಂಗಳೂರು, ಕೋಲಾರದ ಕಡೆಯೂ ಆರ್ಯವೈಶ್ಯ ಕುಟುಂಬಗಳಿವೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಬಳಿಕ ಎಚ್ಚರ ತಡವಾದ ನೆನಪಿದ್ದರೆ ಅದನ್ನು ವೈದ್ಯರಿಗೆ ಹೇಳುವುದು ಬಹು ಮುಖ್ಯ.

ಸಂಬಂಧದಲ್ಲಿ ಮದುವೆಯಾಗಬೇಡಿ ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇದ್ದದ್ದರಿಂದ ಆ ಎಚ್ಚರಿಕೆ ಬೇಕಾದದ್ದೇ. ಆದರೆ ಇಲ್ಲಿನ ಅಪಾಯ ಅದಕ್ಕಿಂತ ಬೇರೆ. ಹುಡುಗ ಹುಡುಗಿಗೆ ನೆನಪಿರುವ ತಲೆಮಾರುಗಳಲ್ಲಿ ಯಾವ ನಂಟೂ ಇಲ್ಲದಿರಬಹುದು, ಇಬ್ಬರ ಊರುಗಳ ನಡುವೆ ಮುನ್ನೂರು ಮೈಲಿ ಇರಬಹುದು, ಗೋತ್ರವೂ ಬೇರೆ ಇರಬಹುದು. ಆದರೂ ಎರಡು ಸಾವಿರ ವರ್ಷದ ಹಿಂದಿನ ಒಬ್ಬನೇ ಪೂರ್ವಿಕನಿಂದ ಇಬ್ಬರಿಗೂ ಅದೇ ದೋಷ ಬಂದಿರಬಹುದು. ಗೋತ್ರದ ಲೆಕ್ಕ ತಂದೆಯ ಕಡೆಯ ಒಂದೇ ಎಳೆಯನ್ನು ಹಿಡಿದು ಹೋಗುವಂಥದು. ಉಳಿದ ನೂರಾರು ಎಳೆಗಳು ಅದಕ್ಕೆ ಕಾಣುವುದಿಲ್ಲ.

ಕನ್ನಡನಾಡಿನಲ್ಲಿ ಈ ಬೇಲಿಯನ್ನು ಕೀಳಲು ಹೊರಟವರಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರೆಂದು, ಅದಕ್ಕಾಗಿ ಬಿಜ್ಜಳ ಆ ಇಬ್ಬರು ತಂದೆಯರನ್ನೂ ಕೊಲ್ಲಿಸಿದನೆಂದು ಶರಣ ಪರಂಪರೆ ಹೇಳುತ್ತದೆ. ಜೀನೋಮಿನ ಕಾಲಗಣನೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಆ ಘಟನೆಯ ಗಾತ್ರ ನನಗೆ ಇನ್ನೊಂದು ಬಗೆಯಲ್ಲಿ ಕಂಡಿತು. ಅಷ್ಟು ಹೊತ್ತಿಗೆ ಆ ಬೇಲಿಗೆ ಆರು ನೂರರಿಂದ ಸಾವಿರ ವರ್ಷ ವಯಸ್ಸು. ಅದರ ಆಚೆ ಎರಡು ಸಾವಿರ ವರ್ಷ ಎಲ್ಲರೂ ಎಲ್ಲರೊಡನೆ ಬೆರೆತ ಕಾಲವಿತ್ತು ಎಂಬ ನೆನಪು ಯಾರಿಗೂ ಉಳಿದಿರಲಿಲ್ಲ. ಶರಣರು ಹೊಸದನ್ನು ಮಾಡುತ್ತಿದ್ದಾರೆ ಎಂದು ಊರೆಲ್ಲ ಬೆಚ್ಚಿತು. ವಾಸ್ತವದಲ್ಲಿ ಅವರು ಈ ನೆಲದ ಹಳೆಯ ರೂಢಿಯನ್ನೇ ಮತ್ತೆ ತೆರೆಯಲು ಹೊರಟಿದ್ದರು.

ಬೇಲಿ ಬೀಳುವವರೆಗೆ ಮಕ್ಕಳು ಕಾಯಬೇಕಾಗಿಲ್ಲ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ಕಾಯಿಲೆ ಪುಟ್ಟ ಮಕ್ಕಳನ್ನು ಕೊಲ್ಲುತ್ತಿತ್ತು. ತನ್ನದೇ ನಾಲ್ಕು ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್ಸ್ಟೀನ್ 1983ರಲ್ಲಿ ದೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಮದುವೆ ವಯಸ್ಸಿಗೆ ಮುಂಚೆ ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಹೆಸರಿಲ್ಲದ ಒಂದು ಸಂಖ್ಯೆ ಕೊಡುತ್ತಾರೆ. ಸಂಬಂಧ ಕೂಡಿಬಂದಾಗ ಎರಡು ಸಂಖ್ಯೆ ಹೇಳಿದರೆ ಜೋಡಿಗೆ ಅಪಾಯವಿದೆಯೇ ಇಲ್ಲವೇ ಎಂದಷ್ಟೇ ತಿಳಿಸುತ್ತಾರೆ. ಯಾರ ಮಗಳಲ್ಲಿ ಏನಿದೆ ಎಂದು ಊರಿಗೆ ಗೊತ್ತಾಗುವುದಿಲ್ಲ. ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಮಕ್ಕಳು ಹುಟ್ಟುವುದೇ ಅಪರೂಪವಾಯಿತು.

ನಮ್ಮಲ್ಲಿ ಇದಕ್ಕೆ ಹತ್ತಿರವಾದ ಒಂದು ಸರ್ಕಾರಿ ಕಾರ್ಯಕ್ರಮ ಈಗಾಗಲೇ ಇದೆ. 2023ರಲ್ಲಿ ಆರಂಭವಾದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ ನಲವತ್ತು ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿಯಿದೆ, ಮದುವೆಗೆ ಮುಂಚೆ ಹೊಂದಿಸಿ ನೋಡಲು ಕಾರ್ಡನ್ನೂ ಕೊಡುತ್ತಾರೆ. ಕಾಡಿನ ಹಾಡಿಗಳ ಜನರಿಂದ ಇದನ್ನು ಕೇಳಲು ಹಿಂಜರಿಯದ ನಾವು, ನಗರದ ಕಲ್ಯಾಣಮಂಟಪಗಳಲ್ಲಿ ಮದುವೆಯಾಗುವ ಸಮುದಾಯಗಳನ್ನು ಕೇಳಲು ಹಿಂಜರಿಯುತ್ತೇವೆ. ವಿಜ್ಞಾನದ ಕಡೆಯಿಂದ ಅಡ್ಡಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಅದರ ದತ್ತಾಂಶ ಸಂಶೋಧಕರಿಗೆ ತೆರೆದಿದೆ. ಯಾವ ಸಮುದಾಯದಲ್ಲಿ ಯಾವ ದೋಷ ಹೆಚ್ಚು ಎಂಬ ಪಟ್ಟಿಯನ್ನು ಅದರಿಂದ ತೆಗೆಯಬಹುದು. ಆ ಪಟ್ಟಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿಗೆ, ಅರಿವಳಿಕೆ ವೈದ್ಯರ ಮೇಜಿಗೆ ತಲುಪಬೇಕು. ಯಾರ ಹೆಸರೂ ಹೊರಬೀಳದಂತೆ ಕಾಯುವ ಕಾನೂನಿನ ಕಟ್ಟು ಅದರ ಜೊತೆಗೇ ಬರಬೇಕು. ಇಲ್ಲದಿದ್ದರೆ ಅದೇ ಪಟ್ಟಿ ಸಂಬಂಧ ಮುರಿಯುವ, ಹೆಣ್ಣುಮಕ್ಕಳ ಮೇಲೆ ದೂರು ಹೊರಿಸುವ ಹೊಸ ನೆಪವಾಗುತ್ತದೆ.